ಹಗ್ಗಕ್ಕೆ ಕೆನ್ನೆ ಕೊಟ್ಟ ಭಾವ

ಅವನನ್ನು ಭಾವ ಎಂದು ಕರೆಯುವ ಹಕ್ಕು ಜಗತ್ತಿನಲ್ಲಿ ಇದ್ದದ್ದು ಒಬ್ಬನಿಗೇ, ಹೆಂಡತಿಯ ತಮ್ಮನಿಗೆ. ಆದರೆ ಆ ತಮ್ಮನೂ ಅದೇ ತಂಡದಲ್ಲಿ ಮರ ಹತ್ತುವ ಕೆಲಸ ಮಾಡುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಕೊಂಬೆಯ ಮೇಲಿಂದ ‘ಭಾವಾ, ಭಾವಾ’ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಮೊದಲು ಲಾರಿ ಡ್ರೈವರ್ ಭಾವ ಎಂದ. ಆಮೇಲೆ ವಯಸ್ಸಿನಲ್ಲಿ ದೊಡ್ಡವರಾದ ಮೇಸ್ತ್ರಿಯೂ ಹಾಗೇ ಕರೆದರು. ಆಮೇಲೆ ಹುಲ್ಲು ಕೊಯ್ಯಿಸಿಕೊಳ್ಳುವ ಮನೆಗಳ ಯಜಮಾನರು, ಅವರ ಮಕ್ಕಳು, ಕಾವಲುಗಾರರು. ಕೊನೆಗೆ ಆ ಮನೆಗಳ ನಾಯಿಗಳೂ ಅವನನ್ನು ಕಂಡರೆ ಬೀಗರ ಸಲಿಗೆಯಲ್ಲಿಯೇ ಬೊಗಳತೊಡಗಿದವು. ಹೆಂಡತಿ ಒಂದೆರಡು ಸಲ ಬಾಯಿತಪ್ಪಿ ತಾನೂ ಭಾವ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡದ್ದುಂಟು. ಅವಳೂ ತಂಡದವಳೇ. ಕೊಯ್ದ ಹುಲ್ಲು, ಉದುರಿದ ಎಲೆ ಗುಡಿಸಿ ರಾಶಿ ಮಾಡುವುದು ಅವಳ ಪಾಲು. ತಮ್ಮನ ಲೆಕ್ಕದಲ್ಲಿ ಅವಳು ಎಲ್ಲರಿಗೂ ಅಕ್ಕ. ಆ ತಮ್ಮನಿಗೆ ಮಾತ್ರ ಸಂಬಂಧದ ಹೆಸರು ಬೇಕಾಗಲಿಲ್ಲ. ಅವನು ಹತ್ತುವುದನ್ನು ನೋಡಿದವರೆಲ್ಲ ಅಳಿಲು ಎಂದರು, ಅಷ್ಟೇ ನಿಂತಿತು.

ಆ ತಂಡದಲ್ಲಿ ಬಡ್ತಿಗೆ ಒಂದು ಕ್ರಮವಿತ್ತು. ಮೈಯಲ್ಲಿ ಕಸುವಿರುವಾಗ ಮರ ಹತ್ತುವುದು. ಸೊಂಟ ಹಿಡಿದ ಮೇಲೆ ಹುಲ್ಲಿನ ಮಿಷನ್ನು. ತಲೆಗೂದಲು ಬೆಳ್ಳಗಾದ ಮೇಲೆ ಹಗ್ಗ. ಹಗ್ಗವೆಂದರೆ ಮರ ಹತ್ತಿದವನ ಸೊಂಟದಿಂದ ಹೊರಟು, ಮೇಲಿನ ಗಟ್ಟಿ ಕವಲೊಂದನ್ನು ಬಳಸಿ ಕೆಳಗಿಳಿಯುವ ಹಗ್ಗ. ಅದರ ತುದಿ ಹಿಡಿದವನ ಕೈಯಲ್ಲಿ ಮೇಲಿನವನ ಜೀವ. ಹಿರಿಯರಿಗೆ ಮರ್ಯಾದೆಯೂ ಆಯಿತು, ನಿಂತಲ್ಲೇ ನಿಲ್ಲುವ ಕೆಲಸವೂ ಆಯಿತು ಎಂದು ಯಾವ ಕಾಲದಲ್ಲೋ ಯಾರೋ ಮಾಡಿದ ಏರ್ಪಾಡು. ಅದರಲ್ಲಿ ತಪ್ಪೇನಿದೆ ಎಂದು ಯಾರೂ ಕೇಳಿರಲಿಲ್ಲ.

ಭಾವ ಮಿಷನ್ನು ಹೆಗಲಿಗೆ ಹಾಕಿಕೊಂಡದ್ದು ತಲೆ ಪೂರಾ ಕಪ್ಪಗಿದ್ದಾಗ, ಇಳಿಸಿದ್ದು ಪೂರಾ ಬೆಳ್ಳಗಾದಾಗ. ಅವನು ಅದನ್ನು ಚಾಲೂ ಮಾಡಿದರೆ ಮೂರು ಬೀದಿ ಆಚೆ ಚಹಾ ಕುಡಿಯುತ್ತಿದ್ದವರ ಲೋಟದಲ್ಲಿ ಅಲೆ ಏಳುತ್ತಿತ್ತು, ಗೋಡೆಯ ಮೊಳೆಗಳು ತಾವಾಗಿಯೇ ಕಳಚಿ ಬೀಳುತ್ತಿದ್ದವು. ಸಂಜೆ ಮನೆಗೆ ಬಂದು ಮಲಗಿದ ಮೇಲೂ ಕೈಯ ನಡುಕ ನಿಲ್ಲದೆ, ಮಂಚ ಒಂದೊಂದು ಅಂಗುಲ ಸರಿಯುತ್ತಾ ಹೋಗಿ, ಬೆಳಿಗ್ಗೆ ಅಕ್ಕ ಎದ್ದು ನೋಡಿದರೆ ಗಂಡ ಹೊಸ್ತಿಲ ಮೇಲೆ ಇರುತ್ತಿದ್ದ. ಅವಳು ಮಂಚದ ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟಳು. ಸಾಕ್ಷಿ ಬೇಕಾದವರು ಹೋಗಿ ನೋಡಬಹುದು, ಇಟ್ಟಿಗೆ ಈಗಲೂ ಇವೆ.

ಹಾಗೆಂದು ಅವನು ಹುಂಬನಲ್ಲ. ದೇವರು ಎಚ್ಚರಿಕೆ ಹಂಚುವಾಗ ಭಾವ ಎರಡು ಸಲ ಸಾಲಿನಲ್ಲಿ ನಿಂತಿದ್ದ. ಮಿಷನ್ನು ಮುಟ್ಟುವ ಮೊದಲು ಹುಲ್ಲುಹಾಸಿನ ಮೇಲೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನಡೆದು ಕಲ್ಲು, ತಂತಿ, ಬಾಟಲಿ ಮುಚ್ಚಳ ಎಲ್ಲ ಹೆಕ್ಕುತ್ತಿದ್ದ. ಒಂದು ಮನೆಯಲ್ಲಿ ಹೀಗೆ ಹೆಕ್ಕುವಾಗ ಯಜಮಾನರ ಹಲ್ಲಿನ ಸೆಟ್ಟು ಸಿಕ್ಕಿ, ಅವರು ಬಹಳ ಕಾಲದ ಮೇಲೆ ನಕ್ಕರು. ಕನ್ನಡಕವಿಲ್ಲದೆ ಮಿಷನ್ನಿನ ಹತ್ತಿರ ಬಂದವರನ್ನು ಅವನು ಬಿಡುತ್ತಿರಲಿಲ್ಲ.

“ಏನಪ್ಪಾ ಡ್ರೈವರ್, ಕಣ್ಣು ಕೊಟ್ಟಿರೋದು ಎರಡೇ. ಸ್ಪೇರ್ ಎಲ್ಲಿಟ್ಟಿದೀಯ, ಡಿಕ್ಕೀಲಾ?”

“ಒಂದೇ ನಿಮಿಷ ಭಾವ, ಬೀಡಿ ಪೊಟ್ಟಣ ಎತ್ಕೊಂಡು ಹೋಗ್ತೀನಿ.”

“ಕಲ್ಲಿಗೆ ನಿಮಿಷದ ಲೆಕ್ಕ ಬರಲ್ಲ. ಹಾಕ್ಕೋ.”

ಕಣ್ಣಿಗೆ ಕನ್ನಡಕವಿತ್ತು, ಕಿವಿಗೆ ಮುಚ್ಚಳವಿತ್ತು, ಕಾಲಿಗೆ ದಪ್ಪ ಬೂಟಿತ್ತು. ಕೈಯ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ. ಮಿಷನ್ನು ನಡುಗುತ್ತದೆ, ಅದನ್ನು ಹಿಡಿದ ಕೈಯೂ ನಡುಗುತ್ತದೆ, ಅದರಲ್ಲಿ ಹೇಳುವುದೇನಿದೆ?

ಮೊದಮೊದಲು ಸಂಜೆ ಹೊತ್ತು ಬೆರಳ ತುದಿ ಜುಮ್ಮೆನ್ನುತ್ತಿತ್ತು, ಬೆಳಿಗ್ಗೆಗೆ ಸರಿಹೋಗುತ್ತಿತ್ತು. ಆಮೇಲೆ ಬೆಳಿಗ್ಗೆಯೂ ಜುಮ್ಮೆಂದಿತು. ಚಳಿಯ ದಿನಗಳಲ್ಲಿ ಬೆರಳು ಗೆಣ್ಣಿನವರೆಗೆ ಸೀಮೆಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತಿದ್ದವು. ಗೋಡೆಯ ಮೇಲೆ ಬರೆಯಬಹುದು ಎಂದು ಅವನೇ ತಮಾಷೆ ಮಾಡಿದ. ಆಮೇಲೆ ಜುಮ್ಮೆನ್ನುವುದೂ ನಿಂತಿತು. ಅವನಿಗೆ ಅದರಿಂದ ಸಮಾಧಾನವೇ ಆಯಿತು, ಗುಣವಾಯಿತು ಎಂದುಕೊಂಡ.

ಗುಣವಾಗಿಲ್ಲವೆಂದು ತಿಳಿದದ್ದು ಅಡುಗೆಮನೆಯಲ್ಲಿ. ಉಕ್ಕುತ್ತಿದ್ದ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಪಕ್ಕಕ್ಕಿಟ್ಟ. ಅಕ್ಕ ಕಿರುಚಿದಳು. ಅವನು ಯಾಕೆ ಎಂಬಂತೆ ನೋಡಿದ.

“ಸುಡ್ಲಿಲ್ವಾ?”

“ಇಲ್ಲವಲ್ಲ.”

ಒಂದಷ್ಟು ದಿನ ಅದು ಮನೆಯ ವಿನೋದವಾಯಿತು. ಇಕ್ಕಳಕ್ಕೆ ನಿವೃತ್ತಿ ಕೊಟ್ಟು ಮೊಳೆಗೆ ತೂಗುಹಾಕಿದರು. ಪಕ್ಕದ ಮನೆಯವರು ಬಂದು ಅವನು ಒಲೆಯ ಮೇಲಿನದನ್ನು ಎತ್ತುವುದನ್ನು ನೋಡಿ ಹೋಗುತ್ತಿದ್ದರು. ಅಕ್ಕನೂ ನಕ್ಕಳು. ಬೊಬ್ಬೆಗೆ ಮುಲಾಮು ಹಚ್ಚುತ್ತಾ ನಕ್ಕಳು. ಅಂಗಿಯ ಗುಂಡಿ ಅವನಿಗೆ ಸಿಗದೆ ತಾನೇ ಹಾಕತೊಡಗಿದಾಗಲೂ ನಕ್ಕಳು. ನಗು ನಿಂತದ್ದು ಮೇಸ್ತ್ರಿ ಬಂದು ಒಳ್ಳೆಯ ಸುದ್ದಿ ಹೇಳಿದ ದಿನ.

“ಭಾವ, ನಿನ್ನ ಕೈ ಸೋತಿದೆ, ನಾನು ನೋಡ್ತಾ ಇದೀನಿ. ಮಿಷನ್ ಇಳಿಸು. ಹಗ್ಗ ಹಿಡೀತಿದ್ದ ತಾತ ಕೆಲಸ ಬಿಟ್ಟ ಮೇಲೆ ಅದಕ್ಕೆ ಸರಿಯಾದವರು ಸಿಕ್ಕಿಲ್ಲ. ಇನ್ನು ಮೇಲೆ ಹಗ್ಗ ನಿಂದು. ಆರಾಮಾಗಿ ನಿಂತ್ಕೋ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕೈ ಸತ್ತವನಿಗೆ ಮಿಷನ್ನು ಬೇಡವೆಂದು, ಆ ಕೈಗೆ ಒಬ್ಬನ ಜೀವ ಕೊಟ್ಟು ಹೋದರು.

ಮೇಸ್ತ್ರಿ ಬೀದಿ ತಿರುಗುವವರೆಗೆ ಅಕ್ಕ ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಹೇಳಿದಳು, “ಹೇಳಿಬಿಡಿ.”

“ಹೇಳಿದ್ರೆ ಮನೇಲಿ ಕೂರು ಅಂತಾರೆ.”

“ಹೇಳದಿದ್ರೆ? ಆ ಹಗ್ಗದ ಆ ಕಡೆ ಇರೋದು ನನ್ನ ತಮ್ಮ ಕಣ್ರೀ.”

ಅವನು ತನ್ನ ಕೈಗಳನ್ನು ನೋಡಿದ. ಅವು ಯಾರೋ ಮರೆತು ಬಿಟ್ಟುಹೋದ ಕೈಗವಸುಗಳ ಹಾಗೆ ಮೊಣಕಾಲ ಮೇಲೆ ಬಿದ್ದಿದ್ದವು.

ಹಗ್ಗದ ಕೆಲಸದಲ್ಲಿ ಬಾಯಿಗೆ ಕೆಲಸವಿಲ್ಲ. ಕೆಳಗೆ ಡ್ರೈವರ್ ಕೊಂಬೆ ಪುಡಿ ಮಾಡುವ ಮಿಷನ್ನು ಓಡಿಸುತ್ತಿರುತ್ತಾನೆ. ಆ ಸದ್ದಿನಲ್ಲಿ ಸಿಡಿಲು ಬಡಿದರೂ ಮಿಂಚು ಬಂತು ಎಂದಷ್ಟೇ ಗೊತ್ತಾದೀತು. ಹಾಗಾಗಿ ಮೇಲಿನವನು ಹಗ್ಗವನ್ನು ಎಳೆದು ಹೇಳಬೇಕು. ಒಂದು ಎಳೆತಕ್ಕೆ ಸಡಿಲ ಬಿಡು. ಎರಡಕ್ಕೆ ಬಿಗಿ ಹಿಡಿ. ಮೂರಕ್ಕೆ ಇಳಿಸು.

ಮೊದಲ ದಿನ ಅಳಿಲು ಮೇಲೇರಿ ಹಗ್ಗ ಎಳೆದ. ಭಾವನ ಅಂಗೈಯಲ್ಲಿ ಹಗ್ಗ ಅಲ್ಲಾಡಿದ್ದು ಕಣ್ಣಿಗೆ ಕಂಡಿತು, ಕೈಗೆ ತಿಳಿಯಲಿಲ್ಲ. ಒಂದೋ ಎರಡೋ? ಅವನು ತಲೆಯೆತ್ತಿ ನೋಡಿದ. ಎಲೆ, ಬಿಸಿಲು, ಒಂದು ಬೂಟಿನ ಅಡಿ. ಅಷ್ಟೇ. ಆಗ ಅವನಿಗೆ ತಾತನ ನೆನಪಾಯಿತು. ಭಾವ ಮರ ಹತ್ತುತ್ತಿದ್ದ ಕಾಲದಲ್ಲಿ ಹಗ್ಗ ಹಿಡಿಯುತ್ತಿದ್ದವನು ತಾತ. ಅವನು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಬಲಗೆನ್ನೆಗೆ ಒತ್ತಿಕೊಂಡು ನಿಲ್ಲುತ್ತಿದ್ದ. ‘ತಾತ ಹಗ್ಗಕ್ಕೆ ಮುತ್ತು ಕೊಡ್ತಾನೆ, ಅಜ್ಜಿಗೆ ಹೇಳಬೇಕು’ ಎಂದು ತಂಡವೆಲ್ಲ ನಗುತ್ತಿತ್ತು. ಅದು ಅವನ ವಾಡಿಕೆ ಎಂದುಕೊಂಡಿದ್ದರು.

ಭಾವ ಹಗ್ಗವನ್ನು ಬಲಗೆನ್ನೆಗೆ ಒತ್ತಿಕೊಂಡ. ಮೇಲಿಂದ ಮತ್ತೆ ಎಳೆತ ಬಂತು. ಒಂದು. ಕಾಗದದ ಮೇಲೆ ಬರೆದಷ್ಟು ಸ್ಪಷ್ಟ. ಸಡಿಲ ಬಿಟ್ಟ.

ಹಾಗಾದರೆ ತಾತನ ಕೈಯೂ ಹೀಗೇ ಇತ್ತು. ಹತ್ತಾರು ವರ್ಷ ತಾನು ತೂಗಾಡಿದ್ದು ಒಬ್ಬ ಮುದುಕನ ಕೆನ್ನೆಯಿಂದ. ಭಾವ ಹೆದರಿಕೆಯಾಗಲಿ ಎಂದು ಕಾದ, ತಡವಾದ ಬಸ್ಸಿಗೆ ಕಾಯುವ ಹಾಗೆ. ಬರಲಿಲ್ಲ.

ಆ ಸಂಜೆ ಅಕ್ಕನಿಗೆ ಹೇಳಿದ. ಅವಳು ನಂಬಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಕಿಟಕಿಯ ಸರಳಿಗೆ ಬಳಸಿ, ಒಂದು ತುದಿಯನ್ನು ಅವನಿಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಈಗ?”

“ಎರಡು.”

“ಈಗ?”

“ಮೂರು. ಈಗ ನೀನು ಎಳೀಲಿಲ್ಲ, ಬರೀ ಕೆಮ್ಮಿದೆ.”

ಬಾಗಿಲು ತೆರೆದು ಹೊರಗೆ ಬಂದು ಅವಳು ಗಂಡನ ಬಲಗೆನ್ನೆಯನ್ನು, ಮದುವೆಯಾದಂದಿನಿಂದ ಒಮ್ಮೆಯೂ ಸರಿಯಾಗಿ ನೋಡಿಯೇ ಇರಲಿಲ್ಲವೇನೋ ಎಂಬಂತೆ ನೋಡಿದಳು. “ದಿನಾ ಕ್ಷೌರ ಮಾಡ್ಕೊಳ್ಳಿ,” ಎಂದಳು. “ಗಡ್ಡ ಅಡ್ಡ ಬರಬಾರದು.” ಅಂದಿನಿಂದ ಅವಳೂ ಸುಮ್ಮನಾದಳು. ಕ್ಷೌರವನ್ನು ಅವಳೇ ಮಾಡುತ್ತಿದ್ದಳು. ಬ್ಲೇಡು ಅವನ ಬೆರಳಿಗೆ ನಿಲ್ಲುತ್ತಿರಲಿಲ್ಲ.

ಹೀಗೆ ಎರಡು ಚಳಿಗಾಲ ಕಳೆದವು. ತಂಡದವರು ತಾತನಿಗೆ ಮಾಡಿದ್ದ ತಮಾಷೆಯನ್ನೇ ಧೂಳು ಕೊಡವಿ ಭಾವನಿಗೆ ಮಾಡಿದರು. ಅವನೂ ನಕ್ಕ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಅವನ ಬಲಗಡೆಯ ದವಡೆಹಲ್ಲೊಂದು ಹುಳುಕಾಗುವವರೆಗೆ.

ಹಲ್ಲು ಕೀಳಿಸಲು ಬೆಳಿಗ್ಗೆ ಹೋದ, ಮಧ್ಯಾಹ್ನಕ್ಕೆ ಕೆಲಸಕ್ಕೆ ಬಂದ. ಹಲ್ಲಿನ ಡಾಕ್ಟರು ಕೊಟ್ಟ ಇಂಜೆಕ್ಷನ್ನು ಸಾಮಾನ್ಯದ್ದಲ್ಲ. ಬಲಗೆನ್ನೆ, ಬಲಗಿವಿ, ಬಲಗಡೆ ಜೇಬಿನಲ್ಲಿದ್ದ ಕರವಸ್ತ್ರ, ಬರುವಾಗ ಬಲಗಡೆ ಕೂತಿದ್ದ ಪ್ರಯಾಣಿಕ, ಎಲ್ಲಕ್ಕೂ ಜೋಮು ಹಿಡಿದಿತ್ತು. ಆಫೀಸು ಕಟ್ಟಡವೊಂದರ ಹಿಂದಿನ ದೊಡ್ಡ ಮರದ ಕೆಲಸ. ಕಾಲುದಾರಿಯ ಮೇಲೆ ಚಾಚಿದ್ದ ಕೊಂಬೆ ತೆಗೆಯಬೇಕಿತ್ತು. ಅಳಿಲು ಆಗಲೇ ಸೊಂಟಕ್ಕೆ ಪಟ್ಟಿ ಬಿಗಿದು ನಿಂತಿದ್ದ.

ಅಕ್ಕ ಪೊರಕೆ ಹಿಡಿದುಕೊಂಡೇ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು, “ಕೆನ್ನೆ?”

“ಇವ್ವತ್ತು ಇವ್ವ,” ಎಂದ ಭಾವ. ಅರ್ಧ ತುಟಿ ಮಾತು ಕೇಳುತ್ತಿರಲಿಲ್ಲ.

“ಹಾಗಾದ್ರೆ ಬೇಡ. ಹೊಟ್ಟೆನೋವು ಅನ್ನಿ.”

ಅವನು ಎಡಗೆನ್ನೆ ತೋರಿಸಿದ.

“ಅದನ್ನ ನಾವು ನೋಡೇ ಇಲ್ವಲ್ರೀ!”

ಕೆನ್ನೆ ಕೆನ್ನೆಯೇ ತಾನೇ ಎಂಬಂತೆ ಅವನು ಭುಜ ಕುಣಿಸಿದ. ಅಷ್ಟರಲ್ಲಿ ಮೇಸ್ತ್ರಿ “ಏನು ಗಂಡಹೆಂಡ್ತಿ ಸಂಸಾರ ಇಲ್ಲೇ ಹೂಡಿದ್ರಾ?” ಎಂದು ಕೂಗಿದರು. ಅಳಿಲು ಹತ್ತಿಬಿಟ್ಟಿದ್ದ. ಡ್ರೈವರ್ ಮಿಷನ್ನು ಚಾಲೂ ಮಾಡಿದ.

ಮರಕ್ಕೂ ಗೋಡೆಗೂ ನಡುವಿನ ಆ ಇಕ್ಕಟ್ಟಿನಲ್ಲಿ ಎಡಗೆನ್ನೆಗೆ ಹಗ್ಗ ಒತ್ತಿ ನಿಲ್ಲಬೇಕಾದರೆ ಮರಕ್ಕೆ ಬೆನ್ನು ಮಾಡಬೇಕು. ಭಾವ ಮರದ ಬುಡಕ್ಕೆ ಹಗ್ಗವನ್ನು ಒಂದು ಸುತ್ತು ಸುತ್ತಿ, ಉಳಿದದ್ದನ್ನು ಹಿಡಿದು, ಕಾಂಪೌಂಡು ಗೋಡೆಗೆ ಮುಖ ಮಾಡಿ ನಿಂತ, ಮರದ ಮೇಲೆ ಮುನಿಸಿಕೊಂಡವನಂತೆ. ಬಲಗೆನ್ನೆ ಎರಡು ಚಳಿಗಾಲ ಹಗ್ಗದ ಮಾತು ಓದಿ ಕಲಿತಿತ್ತು. ಎಡಗೆನ್ನೆ ಅನಕ್ಷರಸ್ಥ.

ಮೇಲೆ ಅಳಿಲು ಕೊಂಬೆಯ ಅರ್ಧ ಕೊಯ್ದಿದ್ದ. ಇನ್ನರ್ಧಕ್ಕೆ ಹಿಂದಕ್ಕೆ ವಾಲಿ ಹಗ್ಗದ ಮೇಲೆ ಭಾರ ಬಿಡಬೇಕಿತ್ತು. ಎರಡು ಸಲ ಎಳೆದ, ಬಿಗಿ ಹಿಡಿ ಎಂದು. ಕೆಳಗೆ ಎಡಗೆನ್ನೆ ಒಂದು ಎಂದಿತು.

ಭಾವ ಸಡಿಲ ಬಿಟ್ಟ.

ಅಕ್ಕ ನೋಡುತ್ತಿದ್ದಳು. ತಮ್ಮ ಆಳುದ್ದ ಜಾರಿ ತೂಗಿ ಬಂದ, ಅವನ ಭುಜ ಮರಕ್ಕೆ ಬಡಿಯಿತು. ಬುಡಕ್ಕೆ ಹಾಕಿದ್ದ ಒಂದು ಸುತ್ತು ಕಚ್ಚಿಕೊಂಡದ್ದರಿಂದ ಹಗ್ಗ ಅಲ್ಲಿಗೆ ನಿಂತಿತು. ಅವಳು ಪೊರಕೆ ಬಿಟ್ಟು ಓಡಿಬಂದು ಗಂಡನ ಕೈಯ ಮೇಲಿಂದಲೇ ಹಗ್ಗ ಹಿಡಿದಳು. ಆಗಲೇ ಅವನಿಗೆ ಏನೋ ಆಗಿದೆ ಎಂದು ತಿಳಿದದ್ದು.

ಡ್ರೈವರ್ ಮಿಷನ್ನು ನಿಲ್ಲಿಸಿದ. ಅಳಿಲನ್ನು ಇಳಿಸಿದರು. ಭುಜದ ಚರ್ಮ ತರಚಿತ್ತು. ಅವನು ಬಂದು ಭಾವನ ಎದುರು ಕುಕ್ಕರುಗಾಲಲ್ಲಿ ಕೂತ. ಭಾವ ಮತ್ತೆ ಹೆದರಿಕೆಗೆ ಕಾಯುತ್ತಿದ್ದ. ನಾಚಿಕೆಯಾದರೂ ಬಂದರೆ ಸಾಕಿತ್ತು. ಎದೆಯೂ ಕೈಯ ಹಾಗೇ ಸುಮ್ಮನಿತ್ತು.

“ಎರಡು ಸಲ ಎಳೆದೆ ಭಾವ.”

“ಒಂದು ಅನ್ನಿಸ್ತು.”

“ಕೈಗೋ, ಕೆನ್ನೆಗೋ?”

ಭಾವ ಎಡಗೆನ್ನೆ ಸವರಿಕೊಂಡ.

“ಮೇಲಿಂದ ಎಲ್ಲಾ ಕಾಣುತ್ತೆ,” ಎಂದ ಅಳಿಲು. “ಶೋಕಿ ಅಂದ್ಕೊಂಡಿದ್ದೆ.” ಪಕ್ಕದ ಗುಲಾಬಿ ಗಿಡದಿಂದ ಒಂದು ಮುಳ್ಳು ಮುರಿದ. “ಕಣ್ಣು ಮುಚ್ಚಿ. ಯಾವ ಬೆರಳು ಹೇಳಿ.”

ಭಾವ ಕಣ್ಣು ಮುಚ್ಚಿದ. ಅಳಿಲು ತೋರುಬೆರಳಿಗೆ ಚುಚ್ಚಿದ. ಹೆಬ್ಬೆರಳಿಗೆ. ನಡುಬೆರಳಿಗೆ ರಕ್ತದ ಹನಿ ಬರುವಷ್ಟು.

“ಶುರು ಮಾಡು,” ಎಂದ ಭಾವ.

ಯಾರೂ ನಗಲಿಲ್ಲ. ಮೇಸ್ತ್ರಿಗೆ ಸಿಟ್ಟು ಬಂತು. “ಏನಯ್ಯಾ ಇದು, ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ? ಒಂದು ಮಾತು ಹೇಳೋಕಾಗಲ್ವಾ? ಮುಳ್ಳು ಚುಚ್ಚಿದ್ರೆ ಗೊತ್ತಾಗಲ್ಲ ಅಂದ್ರೆ ಏನು? ಬಾರೋ ಅಳಿಲೇ, ನನಗೆ ಚುಚ್ಚು.” ಕೈ ಚಾಚಿ ಕಣ್ಣು ಮುಚ್ಚಿದರು.

ಅಳಿಲು ಚುಚ್ಚಿದ. ಮತ್ತೆ ಚುಚ್ಚಿದ. ಮೇಸ್ತ್ರಿ ಕಣ್ಣು ಮುಚ್ಚಿಯೇ ನಿಂತಿದ್ದರು. “ಬೇಗ ಚುಚ್ಚಯ್ಯಾ, ಕೆಲಸ ಇದೆ.”

ಡ್ರೈವರ್ ತಾನಾಗಿಯೇ ಕೈ ಕೊಟ್ಟ. ಅವನಿಗೆ ಮುಳ್ಳು ತಿಳಿದದ್ದು ಎಡಗೈಯ ಎರಡು ಬೆರಳಿಗೆ, ಬಲಗೈಯಲ್ಲಿ ಒಂದಕ್ಕೆ. ಮೂವರೂ ತಮ್ಮತಮ್ಮ ಕೈಗಳನ್ನು ಅಂಗಡಿಯವನು ದಾಟಿಸಿದ ಹಳೇ ಸಾಮಾನಿನ ಹಾಗೆ ತಿರುಗಿಸಿ ನೋಡಿಕೊಂಡರು. ಮಿಷನ್ನು ಹಿಡಿದವರೆಲ್ಲ ಅಷ್ಟೇ. ಮಿಷನ್ನಿಗೆ ಇನ್ನೂ ಬಡ್ತಿ ಪಡೆಯದೆ ಕೈಗರಗಸದಲ್ಲೇ ಇದ್ದ ಅಳಿಲಿನ ಕೈ ಮಾತ್ರ ಪೂರಾ ಜೀವಂತವಿತ್ತು. ಅವನು ಮರದ ಮೇಲಿರಬೇಕಾದವನು.

ಮೇಲೆ ಅರ್ಧ ಕೊಯ್ದ ಕೊಂಬೆ ಕಾಲುದಾರಿಯ ಮೇಲೆ ಜೋತಾಡುತ್ತಿತ್ತು. ಆಫೀಸು ಬಿಡುವ ಹೊತ್ತು ಹತ್ತಿರವಾಗುತ್ತಿತ್ತು. ಅದನ್ನು ಹಾಗೇ ಬಿಟ್ಟು ಹೋಗುವಂತಿರಲಿಲ್ಲ.

“ನಾನೇ ಹಿಡೀತೀನಿ, ಎರಡು ಕಣ್ಣಿಟ್ಟು,” ಎಂದರು ಮೇಸ್ತ್ರಿ. ಅವರ ದನಿಯಲ್ಲಿ ಅವರಿಗೇ ನಂಬಿಕೆಯಿರಲಿಲ್ಲ.

“ಅಕ್ಕನ ಕೈ ನೋಡಿಲ್ಲ ಯಾರೂ,” ಎಂದ ಅಳಿಲು.

ಗುಡಿಸುವವಳ ಕೈ ನೋಡುವುದು ಯಾರಿಗೂ ಹೊಳೆದಿರಲಿಲ್ಲ. ಹೆಂಗಸರಿಗೆ ಮಿಷನ್ನು ಕೊಡುವ ಪದ್ಧತಿ ಇರಲಿಲ್ಲ. ಭಾರ ಎನ್ನುತ್ತಿದ್ದರು. ಅಕ್ಕ ಸೆರಗಿಗೆ ಕೈ ಒರೆಸಿ, ಚಾಚಿ, ಕಣ್ಣು ಮುಚ್ಚಿದಳು.

“ಕಿರುಬೆರಳು,” ಎಂದಳು. “ಹೆಬ್ಬೆರಳು. ಅಯ್ಯೋ, ಮೆಲ್ಲಗೋ! ಈಗ ನೀನು ಚುಚ್ಚಲೇ ಇಲ್ಲ, ಬರೀ ಉಫ್ ಅಂದೆ.”

“ಹಗ್ಗ ಹಿರಿಯರದ್ದಮ್ಮಾ,” ಎಂದರು ಮೇಸ್ತ್ರಿ, ಸೋತ ದನಿಯಲ್ಲಿ.

“ಹಿರಿಯರು ಸ್ವಲ್ಪ ಹೊತ್ತು ಗುಡಿಸಲಿ,” ಎಂದಳು ಅಕ್ಕ.

ಅಳಿಲು ಹತ್ತಿದ. ಬುಡಕ್ಕೆ ಒಂದು ಸುತ್ತು ಹಾಕುವುದನ್ನು ಭಾವ ತೋರಿಸಿಕೊಟ್ಟ. ಅದೊಂದನ್ನು ತನ್ನ ಕಣ್ಣಿಗೆ ಕಾಣುವಂತೆ ಅವಳಿಂದ ಮೂರು ಸಲ ಮಾಡಿಸಿದ. ಮಿಷನ್ನು ಮತ್ತೆ ಅರಚತೊಡಗಿತು. ಭಾವ ಪೊರಕೆ ಎತ್ತಿಕೊಂಡ. ಗಟ್ಟಿ ಹಿಡಿದೆನೋ ಸಡಿಲ ಹಿಡಿದೆನೋ ತಿಳಿಯದೆ, ಆಗಾಗ ಕೆಳಗೆ ನೋಡಿ, ಪೊರಕೆ ಇನ್ನೂ ಕೈಯಲ್ಲೇ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾ ಗುಡಿಸಿದ. ಅಕ್ಕ ಹಗ್ಗ ಹಿಡಿದು, ತಲೆಯೆತ್ತಿ ಕೂಡ ನೋಡದೆ ನಿಂತಿದ್ದಳು. ಹಗ್ಗ ಎರಡು ಎಂದಿತು, ಬಿಗಿ ಹಿಡಿದಳು. ಕೊಂಬೆ ಬಿದ್ದಿತು. ಮೂರು ಎಂದಿತು, ತಮ್ಮನನ್ನು ನೆಲಕ್ಕಿಳಿಸಿದಳು.

ಈಗ ಆ ತಂಡದಲ್ಲಿ ಹಗ್ಗ ಮುಟ್ಟುವ ಮೊದಲು ಮುಳ್ಳು. ಯಾರೇ ಇರಲಿ, ಕಣ್ಣು ಮುಚ್ಚಿ ಬೆರಳು ಹೇಳಬೇಕು. ಮಿಷನ್ನನ್ನು ಒಬ್ಬರಿಗೇ ಅಂಟಿಸುವುದಿಲ್ಲ, ಒಂದೊಂದು ಹುಲ್ಲುಹಾಸಿಗೂ ಕೈ ಬದಲಾಗುತ್ತದೆ. ಜುಮ್ಮೆಂದಿತು ಎಂದವನನ್ನು ಮೇಸ್ತ್ರಿ ಬೈಯುವುದಿಲ್ಲ. ಹೇಳದವನನ್ನು ಬೈಯುತ್ತಾರೆ, ಏಳು ಬೀದಿಗೆ ಕೇಳುವಂತೆ. ಭಾವ ಹುಲ್ಲಿನಲ್ಲಿ ಕಲ್ಲು ಹೆಕ್ಕುತ್ತಾನೆ. ಅದಕ್ಕೆ ಕಣ್ಣು ಸಾಕು. ಹೆಕ್ಕಿದ್ದರಲ್ಲಿ ಅರ್ಧ ಬೆರಳ ಸಂದಿಯಿಂದ ಜಾರಿ ಬೀಳುತ್ತದೆ, ಮತ್ತೆ ಬಾಗಿ ಹೆಕ್ಕುತ್ತಾನೆ. ಅವನ ಕೈ ಸರಿಹೋಗಲಿಲ್ಲ. ಅಷ್ಟು ದೂರ ಹೋದದ್ದು ವಾಪಸು ಬರುವುದಿಲ್ಲ ಎಂದರು ಡಾಕ್ಟರು.

ಕೊಂಬೆ ಬಿದ್ದ ದಿನದ ಸಂಜೆ ಲಾರಿಯ ಹಿಂದೆ, ಕೊಂಬೆಯ ಪುಡಿ ತುಂಬಿದ ಚೀಲಗಳ ಮೇಲೆ ಗಂಡಹೆಂಡತಿ ಕೂತಿದ್ದರು. ಅಳಿಲು ಮುಂದೆ ಡ್ರೈವರ್ ಪಕ್ಕ ಕೂತು ತನ್ನ ಬೀಳಾಟವನ್ನು ಆಗಲೇ ಎರಡು ಆಳುದ್ದ ಮಾಡಿ ಹೇಳುತ್ತಿದ್ದ.

“ಅವನು ಮೇಲೆ ಹಾಡ್ಕೋತಾನೆ,” ಎಂದಳು ಅಕ್ಕ.

“ಯಾರು?”

“ತಮ್ಮ. ಗರಗಸ ಆಡಿಸ್ತಾ ಹಾಡ್ಕೋತಾನೆ. ಹಗ್ಗದಲ್ಲಿ ಗೊತ್ತಾಗುತ್ತೆ. ಮಧ್ಯದಲ್ಲಿ ಒಂದ್ಸಲ ನಕ್ಕ ಕೂಡ, ಏನು ನೆನಪಾಯ್ತೋ. ನಿಮಗೆ ಗೊತ್ತಿರ್ಲಿಲ್ವಾ?”

“ಇಲ್ಲ,” ಎಂದ ಭಾವ. ಕೆನ್ನೆಗೆ ಬರುತ್ತಿದ್ದದ್ದು ಎಣಿಕೆ ಮಾತ್ರ.

ಲಾರಿ ಒಂದು ಗುಂಡಿಗೆ ಇಳಿದು ಹತ್ತಿತು. ಸ್ವಲ್ಪ ಹೊತ್ತಿನ ಮೇಲೆ ಅವನು ಕಣ್ಣು ತಗ್ಗಿಸಿ ನೋಡಿದ. ಅವನ ಕೈ ಅವಳ ಕೈಯೊಳಗಿತ್ತು. ಯಾವಾಗ ಹಿಡಿದಳೋ.

“ಗಟ್ಟಿ ಹಿಡಿದಿದೀಯಾ?” ಎಂದು ಕೇಳಿದ.

“ಗಟ್ಟಿ.”

“ಸರಿ,” ಎಂದ. ಮನೆ ಬರುವವರೆಗೆ ಕಣ್ಣು ಅಲ್ಲಿಂದ ತೆಗೆಯಲಿಲ್ಲ.